ಬಂಡೆಯ ಬಲದ ಜೊತೆ ಪದರದ ಕೋನವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಸುರಂಗ, ಅಣೆಕಟ್ಟು, ಗುಡ್ಡ ಕಡಿದು ಮಾಡುವ ರಸ್ತೆಗಳ ಸುದ್ದಿಯಲ್ಲಿ ‘ಇಲ್ಲಿನ ಬಂಡೆಯ ಸಾಮರ್ಥ್ಯ ಇಷ್ಟು ಮೆಗಾಪ್ಯಾಸ್ಕಲ್’ (ಒತ್ತಡದ ಅಳತೆ) ಎಂದು ಒಂದೇ ಅಂಕಿ ಅಚ್ಚಾಗುವುದುಂಟು. ಇದರಲ್ಲಿ ವರದಿಗಾರರ ತಪ್ಪಿಲ್ಲ. ಅವರ ಕೈಗೆ ಬರುವ ತಾಂತ್ರಿಕ ವರದಿಯಲ್ಲೇ ಎಷ್ಟೋ ಸಲ ಅಷ್ಟೇ ಇರುತ್ತದೆ. ಗ್ರಾನೈಟ್‌ಗಾದರೆ ಹೇಗೋ ನಡೆದೀತು. ಚಿತ್ರದುರ್ಗ, ಗದಗ, ಹಟ್ಟಿ ಸೀಮೆಯ ಶಿಸ್ಟ್‌ಗೆ (ತೆಳು ಪದರಗಳಾಗಿ ಸೀಳುವ ಬಂಡೆ), ಕಲಬುರಗಿ ಕಡೆಯ ಪದರಗಲ್ಲಿಗೆ ಅದು ಅರ್ಧ ಮಾತು ಮಾತ್ರ.

ಶಹಾಬಾದ್ ಕಲ್ಲು ಎಬ್ಬಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪದರದ ಸಂದಿಗೆ ಉಳಿ ಇಟ್ಟರೆ ಚಪ್ಪಡಿ ಸಲೀಸಾಗಿ ಎದ್ದು ಬರುತ್ತದೆ. ಅಡ್ಡಕ್ಕೆ ಒಡೆಯಲು ಹೋದರೆ ಕೈ ನೋಯುತ್ತದೆ. ಪದರದ ಮಟ್ಟದಲ್ಲೇ ಯಾವ ದಿಕ್ಕಿಗೆ ಅಳೆದರೂ ಗುಣ ಒಂದೇ, ಪದರಕ್ಕೆ ಲಂಬವಾಗಿ ಅಳೆದರೆ ಮಾತ್ರ ಬೇರೆ. ಇಂಥ ವಸ್ತುವಿನ ಸ್ವಭಾವಕ್ಕೆ ಟ್ರಾನ್ಸ್‌ವರ್ಸ್ ಐಸೊಟ್ರೊಪಿ ಎಂದು ಹೆಸರು. ಎಲ್ಲ ದಿಕ್ಕಿಗೂ ಒಂದೇ ಗುಣವಿರುವ ವಸ್ತುವಿಗೆ ಎರಡು ಸ್ಥಿತಿಸ್ಥಾಪಕ ಸ್ಥಿರಾಂಕ (ಒತ್ತಿದಾಗ ಆಕಾರ ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ) ಸಾಕು. ಇದಕ್ಕೆ ಐದು ಬೇಕು: ಪದರದ ಗುಂಟ ಒಂದು ಯಂಗ್ ಮಾಡ್ಯುಲಸ್ (ಬಿಗಿತನದ ಅಳತೆ), ಲಂಬವಾಗಿ ಇನ್ನೊಂದು, ಎರಡು ಪಾಯ್ಸನ್ ಅನುಪಾತ (ಒತ್ತಿದಾಗ ಅಡ್ಡಕ್ಕೆ ಎಷ್ಟು ಉಬ್ಬುತ್ತದೆ ಎಂಬುದು), ಮತ್ತು ಪದರಗಳು ಒಂದರ ಮೇಲೊಂದು ಸರಿಯುವುದಕ್ಕೆ ಸಂಬಂಧಿಸಿದ ಶಿಯರ್ ಮಾಡ್ಯುಲಸ್.

ಮೊದಲು ಬಲದ ಲೆಕ್ಕ ನೋಡೋಣ. ಪದರಕ್ಕೆ ಲಂಬವಾಗಿ ಒತ್ತಿದಾಗ 100 ಮೆಗಾಪ್ಯಾಸ್ಕಲ್ ತಡೆಯುವ ಬಂಡೆ ಎಂದಿಟ್ಟುಕೊಳ್ಳಿ. ಪದರದ ಮೇಲಿನ ಅಂಟುಬಲ 10 ಮೆಗಾಪ್ಯಾಸ್ಕಲ್, ಘರ್ಷಣ ಕೋನ (ಘರ್ಷಣೆ ಜಾರುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ) 30 ಡಿಗ್ರಿ. ಒತ್ತುವ ದಿಕ್ಕಿಗೆ ಪದರ 30 ಡಿಗ್ರಿ ಓರೆಯಾಗಿದ್ದರೆ ಅದೇ ಬಂಡೆ ಸುಮಾರು 35ಕ್ಕೇ ಜಾರಿ ಒಡೆಯುತ್ತದೆ. ಓರೆ 15 ಡಿಗ್ರಿಯಾದರೆ 47. ಓರೆ 60 ದಾಟಿದರೆ ಪದರದ ಮೇಲೆ ಜಾರುವುದೇ ಇಲ್ಲ, ಬಂಡೆಯ ಸ್ವಂತ ಬಲವೇ ಪೂರ್ತಿ ಸಿಗುತ್ತದೆ. 45ರಿಂದ ಘರ್ಷಣ ಕೋನದ ಅರ್ಧ ಕಳೆದರೆ ಅತಿ ದುರ್ಬಲ ಓರೆ ಸಿಗುತ್ತದೆ ಎಂಬ ಈ ಲೆಕ್ಕವನ್ನು ಬಂಡೆಗಳ ಬಲದ ತಜ್ಞ ಜೇಗರ್ 1960ರಲ್ಲೇ ಕೊಟ್ಟಿದ್ದರು.

ನಮ್ಮ ಶಿಸ್ಟ್ ಪಟ್ಟಿಗಳಲ್ಲಿ ಪದರಗಳು ಬಹುಮಟ್ಟಿಗೆ ಕಡಿದಾಗಿ ನಿಂತಿವೆ. ಪದರ 60 ಡಿಗ್ರಿ ಇಳಿಜಾರಿದ್ದ ಕಡೆ ನೆಟ್ಟಗೆ ಕೊರೆದರೆ ಕೋರ್‌ನ (ಕೊರೆದು ತೆಗೆದ ಉರುಳೆಯಾಕಾರದ ಮಾದರಿಯ) ಅಕ್ಷಕ್ಕೂ ಪದರಕ್ಕೂ ಸರಿಯಾಗಿ 30 ಡಿಗ್ರಿ, ಅಂದರೆ ಎಲ್ಲಕ್ಕಿಂತ ಕೆಟ್ಟ ಅಂಕಿ. ಭೀಮಾ ತೀರದ ಮಟ್ಟಸ ಪದರಗಳಲ್ಲಿ ಹಾಗೇ ನೆಟ್ಟಗೆ ಕೊರೆದರೆ ಅಂಕಿ ಚೆನ್ನಾಗಿ ಬರುತ್ತದೆ, ಆದರೆ ಸುರಂಗದ ಚಾವಣಿಯಲ್ಲಿ ಅವೇ ಪದರಗಳು ಒಂದೊಂದಾಗಿ ಬಿಟ್ಟುಕೊಂಡು ಜೋಲುತ್ತವೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ‘ಇದು ಗಟ್ಟಿ, ಅದು ಮೆದು’ ಎನ್ನುವುದು ವರದಿಯಲ್ಲ.

ಪ್ರಯೋಗಾಲಯದಲ್ಲಿ ಮಾಡಬೇಕಾದ್ದು ಅಂಥ ದೊಡ್ಡ ಕೆಲಸವೇನಲ್ಲ. ಸುಮಾರು 54 ಮಿ.ಮೀ. ವ್ಯಾಸ, ಅದರ ಎರಡೂವರೆಯಿಂದ ಮೂರು ಪಟ್ಟು ಉದ್ದದ ಮಾದರಿಗಳನ್ನು ಮೂರು ಬಗೆಯಲ್ಲಿ ತೆಗೆಯಬೇಕು: ಪದರಕ್ಕೆ ಲಂಬ, ಪದರದ ಗುಂಟ, ಮತ್ತು 30ರಿಂದ 45 ಡಿಗ್ರಿ ಓರೆ. ಲಂಬ ಮಾದರಿ ಒಂದು ಮಾಡ್ಯುಲಸ್ಸನ್ನೂ ಒಂದು ಪಾಯ್ಸನ್ ಅನುಪಾತವನ್ನೂ ಕೊಡುತ್ತದೆ. ಗುಂಟ ತೆಗೆದ ಮಾದರಿಗೆ ಅಡ್ಡ ಸ್ಟ್ರೇನ್ ಗೇಜ್ (ಹಿಗ್ಗು-ಕುಗ್ಗು ಅಳೆಯುವ ಸಾಧನ) ಎರಡು ಬೇಕು, ಒಂದು ಪದರದ ಮಟ್ಟದಲ್ಲಿ, ಇನ್ನೊಂದು ಪದರಗಳಿಗೆ ಅಡ್ಡಲಾಗಿ. ಈ ಎರಡನ್ನೂ ಕೂಡಿಸಿ ಸರಾಸರಿ ಬರೆದುಬಿಡುವುದು ಬಲು ಸಾಮಾನ್ಯ ತಪ್ಪು. ಬೇಕಾಗಿದ್ದ ವ್ಯತ್ಯಾಸವೇ ಅಲ್ಲಿ ಅಳಿಸಿಹೋಗುತ್ತದೆ. ಶಿಯರ್ ಮಾಡ್ಯುಲಸ್ ಓರೆ ಮಾದರಿಯಿಂದ ಬರುತ್ತದೆ.

ಓರೆ ಮಾದರಿ ಸಿಗದಿದ್ದರೆ ಉಳಿದ ಅಂಕಿಗಳಿಂದ ಶಿಯರ್ ಮಾಡ್ಯುಲಸ್ ಲೆಕ್ಕ ಹಾಕಲು ಸೇಂಟ್ ವೆನಾಂಟ್ ಅಂದಾಜು ಇದೆ. ಯಂಗ್ ಮಾಡ್ಯುಲಸ್ ಗುಂಟ 60 ಗಿಗಾಪ್ಯಾಸ್ಕಲ್, ಲಂಬ 30, ಲಂಬ ಒತ್ತಡದ ಪಾಯ್ಸನ್ ಅನುಪಾತ 0.2 ಇದ್ದರೆ ಶಿಯರ್ ಮಾಡ್ಯುಲಸ್ ಸುಮಾರು 15.8 ಆಗುತ್ತದೆ. ಅದೇ ಬಂಡೆಗೆ ಎಲ್ಲ ದಿಕ್ಕಿಗೂ ಒಂದೇ ಗುಣವೆಂದು ಮಾಡ್ಯುಲಸ್ 60, ಪಾಯ್ಸನ್ ಅನುಪಾತ 0.25 ಎಂದು ಎರಡೇ ಅಂಕಿ ತುಂಬಿದರೆ ವಿನ್ಯಾಸದ ಸಾಫ್ಟ್‌ವೇರ್ 24 ಎಂದು ಹಿಡಿಯುತ್ತದೆ. ಅರ್ಧ ಪಾಲಿನಷ್ಟು ಬಿಗಿ ಸುಳ್ಳೇ ಹೆಚ್ಚಾಗಿಬಿಟ್ಟಿತು! ಪಾಯ್ಸನ್ ಅನುಪಾತ ಯಾವ ದಿಕ್ಕಿನದು ಎಂಬುದನ್ನೂ ಸಾಫ್ಟ್‌ವೇರ್‌ನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಈ ಬಂಡೆಯಲ್ಲಿ ಒಂದು ದಿಕ್ಕಿನ 0.2 ಇನ್ನೊಂದು ದಿಕ್ಕಿಗೆ 0.4 ಆಗುತ್ತದೆ, ಅದಲುಬದಲಾದರೂ ಸಾಫ್ಟ್‌ವೇರ್ ದೂರುವುದಿಲ್ಲ.

ಕಂಪನ ಅಲೆಗಳ ಸಮೀಕ್ಷೆಯಲ್ಲೂ ಇದೇ ಗೋಳು. ಕಡಿದಾದ ಶಿಸ್ಟ್‌ನಲ್ಲಿ ಪದರದ ಗುಂಟ ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ) ಸಾಲು ಹಾಕಿದರೆ ಅಲೆ ವೇಗವಾಗಿ ಓಡುತ್ತದೆ, ಅಡ್ಡ ಹಾಕಿದರೆ ನಿಧಾನ. ಒಂದೇ ಸಾಲು ಹಾಕಿ ಮುಗಿಸಿದವರಿಗೆ ಇದು ಗೊತ್ತಾಗುವ ದಾರಿಯಿಲ್ಲ. ಒಂದಕ್ಕೊಂದು ಲಂಬವಾಗಿ ಎರಡು ಸಾಲು ಬೇಕು. ಆಳದ ಮಟ್ಟಸ ಶೇಲ್‌ನಲ್ಲಿ (ಜೇಡಿ ಪದರಗಲ್ಲು) ತಪ್ಪು ಬೇರೆ ಬಗೆಯದು. ದಿಕ್ಕಿಗೆ ತಕ್ಕಂತೆ ಅಲೆಯ ವೇಗ ಎಷ್ಟು ಬದಲಾಗುತ್ತದೆ ಎಂದು ಹೇಳಲು ಭೂಭೌತ ವಿಜ್ಞಾನಿ ಥಾಮ್ಸನ್ 1986ರಲ್ಲಿ ಕೊಟ್ಟ ಅಳತೆಗಳಲ್ಲಿ ಡೆಲ್ಟಾ ಎಂಬುದು 0.1 ಇದ್ದು, ನೇರ ಕೆಳಗಿನ ವೇಗ ಸೆಕೆಂಡಿಗೆ 3000 ಮೀಟರ್ ಇದ್ದರೆ, ಮೇಲ್ಮೈ ಸಮೀಕ್ಷೆಯಿಂದ ಹೊರಡುವ ವೇಗ ಸುಮಾರು 3286. ಆ ವೇಗ ಹಿಡಿದರೆ 2000 ಮೀಟರ್‌ನಲ್ಲಿರುವ ಪದರ 2190ರಲ್ಲಿದೆ ಎಂದು ನಕ್ಷೆಯಲ್ಲಿ ಕೂರುತ್ತದೆ. ಬಾವಿ ಕೊರೆಯುವವರಿಗೆ 190 ಮೀಟರ್ ಸಣ್ಣ ಮಾತಲ್ಲ.

ಸುರಂಗದ ದಿಕ್ಕಿನ ವಿಷಯ ತಜ್ಞರಿಗೆ ಗೊತ್ತಿಲ್ಲದ್ದೇನಲ್ಲ. ಬಂಡೆಯ ಗುಣಮಟ್ಟಕ್ಕೆ ಅಂಕ ಕೊಡುವ ಬಿನಿಯಾವ್ಸ್ಕಿ ಪದ್ಧತಿಯಲ್ಲಿ ಕಡಿದಾದ ಪದರಗಳಿಗೆ ಸಮಾನಾಂತರವಾಗಿ ಸುರಂಗ ಕೊರೆದರೆ 12 ಅಂಕ ಕಳೆಯುತ್ತಾರೆ. ಆದರೆ ಕಳೆಯಲು ಕೋನ ಬರೆದಿಟ್ಟಿರಬೇಕಲ್ಲ? ಕೋರ್ ಪೆಟ್ಟಿಗೆ ತೆರೆದಾಗಲೇ ಕೋನಮಾಪಕ ಹಿಡಿದು ಅಳೆದರೆ ಒಂದು ನಿಮಿಷದ ಕೆಲಸ. ಮಾದರಿ ಪುಡಿಯಾದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಟೆಂಡರ್ ಷರತ್ತಿನಲ್ಲೇ ಪದರದ ಕೋನದ ಕಾಲಂ ಕಡ್ಡಾಯವಾಗಲಿ, ಪ್ರತಿ ಸಾಲು ಹೀಗಿರಲಿ: ‘ಶಿಸ್ಟ್, ಕೋರ್ ಅಕ್ಷಕ್ಕೆ ಪದರ 30 ಡಿಗ್ರಿ, 35 ಮೆಗಾಪ್ಯಾಸ್ಕಲ್, ಪದರದ ಮೇಲೆ ಜಾರಿ ಒಡೆದಿದೆ.’

ಇಂತಿ,
ಬಂಡೆ ಪರೀಕ್ಷೆಯ ಎಂಜಿನಿಯರುಗಳು, ಚಿತ್ರದುರ್ಗ