ಬೂಟು ಕೊಳ್ಳುವ ಮುನ್ನ ಅಟ್ಟೆ ನೋಡಿ

ಮಾನ್ಯ ಸಂಪಾದಕರೇ,

ಆಷಾಢದ ರಿಯಾಯಿತಿ ಮಾರಾಟ ಶುರುವಾದೊಡನೆ ಮುಂಬಯಿಯ ನಮ್ಮ ಹುಡುಗರು ಆಫೀಸಿಗೊಂದು, ಮದುವೆಗೊಂದು ಎಂದು ಅಗ್ಗದ ಬೂಟುಗಳನ್ನು ಎರಡು ಮೂರು ಜೊತೆ ಒಟ್ಟಿಗೇ ತರುತ್ತಾರೆ. ಅದೇ ದುಡ್ಡಿಗೆ ಒಂದೇ ಒಳ್ಳೆಯ ಜೊತೆ ತಂದು, ವರ್ಷ ಬಿಟ್ಟು ಇನ್ನೊಂದನ್ನು ಸೇರಿಸಿಕೊಳ್ಳುವುದು ಲಾಭ.

ಬೂಟಿನ ಆಯಸ್ಸು ಇರುವುದು ಅಟ್ಟೆ ಕೂಡಿಸಿದ ರೀತಿಯಲ್ಲಿ. ಬರೀ ಅಂಟು ಹಾಕಿದ್ದು ಮಳೆನೀರಿಗೆ ಬೇಗ ಬಾಯಿ ಬಿಡುತ್ತದೆ. ಬ್ಲೇಕ್ ಹೊಲಿಗೆಯಲ್ಲಿ ದಾರ ಅಟ್ಟೆಯಿಂದ ನೇರ ಒಳಕ್ಕೆ ಬರುತ್ತದೆ. ಒಳಗಿನ ಮೆತ್ತೆ ಎತ್ತಿದರೆ ಹೊಲಿಗೆಯ ಸಾಲು ಕಾಣುತ್ತದೆ. ಕಾಲಿಗೆ ಹಗುರ, ಆದರೆ ಆ ತೂತುಗಳಲ್ಲೇ ನೀರು ಏರುತ್ತದೆ. ಗುಡ್‌ಇಯರ್ ವೆಲ್ಟ್ ಬೂಟಿನಲ್ಲಿ ಮೇಲಿನ ಚರ್ಮದ ಸುತ್ತ ಒಂದು ಪಟ್ಟಿ ಹೊಲಿದು, ಅಟ್ಟೆಯನ್ನು ಆ ಪಟ್ಟಿಗೆ ಹೊಲಿದಿರುತ್ತಾರೆ. ಸವೆದಾಗ ಅಟ್ಟೆಯಷ್ಟನ್ನೇ ಬಿಚ್ಚಿ ಹೊಸದು ಹಾಕಿಸಬಹುದು. ಮೋಸ ನಡೆಯುವುದೂ ಇಲ್ಲೇ. ಅಂಟಿನ ಬೂಟಿನ ಅಂಚಿಗೂ ತೋರಿಕೆಯ ಹೊಲಿಗೆ ಅಚ್ಚೊತ್ತಿರುತ್ತಾರೆ. ಆದ್ದರಿಂದ 'ಅಟ್ಟೆ ಬದಲಾಯಿಸಲು ಬರುತ್ತದೆಯೇ' ಎಂದು ಅಂಗಡಿಯಲ್ಲೇ ಕೇಳಿಬಿಡಿ. ನಮ್ಮ ಊರಿಗೆ ರಬ್ಬರ್ ಅಟ್ಟೆಯೇ ಸರಿ; ಚರ್ಮದ ಅಟ್ಟೆ ಒದ್ದೆ ಪ್ಲಾಟ್‌ಫಾರ್ಮಿನ ಮೇಲೆ ಜಾರುತ್ತದೆ.

ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳ್ಳೆಯದಾದರೆ ಮುಂಗೈ ಚರ್ಮದ ಹಾಗೆ ಸಣ್ಣ ಸಣ್ಣ ನೆರಿಗೆ ಬಿದ್ದು ಮಾಯವಾಗುತ್ತದೆ. ಮೇಲ್ಪದರ ಉಜ್ಜಿ ದಪ್ಪ ಬಣ್ಣ ಬಳಿದದ್ದು ಗಾಜಿನಂತೆ ಹೊಳೆಯುತ್ತದೆ, ಕಾಲ್ಬೆರಳು ಮಡಚುವ ಕಡೆ ಬಿರಿಯುತ್ತದೆ. ಧಾರಾವಿಯ ಚರ್ಮದ ಅಂಗಡಿಗಳಲ್ಲಿ ಎರಡನ್ನೂ ಪಕ್ಕಪಕ್ಕ ಮುಟ್ಟಿ ನೋಡಿದರೆ ಒಂದೇ ದಿನದಲ್ಲಿ ಕೈ ಪಳಗುತ್ತದೆ.

ಮೊದಲು ಕಪ್ಪು, ಆಮೇಲೆ ಕಡು ಕಂದು. ಪಾದದ ಮೇಲ್ಭಾಗ ಉಬ್ಬಿರುವವರಿಗೆ, ಲೇಸಿನ ಪಟ್ಟಿಗಳನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದ ಆಕ್ಸ್‌ಫರ್ಡ್ ಹಿಡಿಯುತ್ತದೆ; ಆ ಪಟ್ಟಿಗಳು ಮೇಲೆ ಬಿಡಿಯಾಗಿ ತೆರೆದುಕೊಳ್ಳುವ ಡರ್ಬಿ ಕೊಳ್ಳಲಿ. ಕಾಲು ತುಸು ಊದಿರುವ ಸಂಜೆ ಹೊತ್ತಿನಲ್ಲೇ ಅಳತೆ ನೋಡಬೇಕು.

ಎರಡು ಜೊತೆಯಾದ ಮೇಲೆ ದಿನ ಬಿಟ್ಟು ದಿನ ಹಾಕಿ; ಒಳಗಿನ ಬೆವರು ಆರಲು ಕನಿಷ್ಠ 24 ಗಂಟೆ ಬೇಕು. ನೆನೆದ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಿಸುತ್ತ ಫ್ಯಾನಿನ ಕೆಳಗಿಡಿ. ಬಿಸಿಲಿಗೋ ಹೇರ್ ಡ್ರೈಯರಿಗೋ ಹಿಡಿದರೆ ಚರ್ಮ ಒಣಗಿ ಸೀಳುತ್ತದೆ. ಬೂಷ್ಟು ಬಂದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕ್ರೀಮ್ ಹಚ್ಚಿ.

ಇನ್ನೊಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ನಷ್ಟಪಡುತ್ತಾರೆ. ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಅಟ್ಟೆಯ ಬೂಟನ್ನು 'ಫಂಕ್ಷನ್ನಿಗಿರಲಿ' ಎಂದು ವರ್ಷಗಟ್ಟಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಾರೆ. ಇಲ್ಲಿನ ತೇವಾಂಶಕ್ಕೆ ಆ ಪದಾರ್ಥ ತಾನಾಗಿಯೇ ಒಡೆಯುತ್ತದೆ. ಮದುವೆ ಮಂಟಪದಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಟ್ಟೆ ರಸ್ಕಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಅಂಥ ಬೂಟಿದ್ದರೆ ಇಂದೇ ಹೊರತೆಗೆದು, ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಹಾಗೇ ಉಳಿದರೆ, ಇಲ್ಲವೇ ಅಂಟಂಟಾದರೆ, ಸಮಾರಂಭಕ್ಕೆ ಅದನ್ನು ನಂಬಬೇಡಿ.

– ಒಬ್ಬ ಓದುಗ, ಘಾಟ್ಕೋಪರ್, ಮುಂಬಯಿ