ಹಳೆಯ ಕಾರಿನ ರೇಡಿಯೊದ ಹೊಟ್ಟೆ ಬಗೆಯಬೇಡಿ

ಮಾನ್ಯ ಸಂಪಾದಕರೆ,

ಹಳೆಯ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಹವ್ಯಾಸ ನಮ್ಮ ರಾಜ್ಯದಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಬಣ್ಣ, ಕ್ರೋಮ್, ಸೀಟಿನ ಹೊದಿಕೆ, ಎಂಜಿನ್ ಇವುಗಳಿಗೆ ತೋರುವ ಶ್ರದ್ಧೆಯ ಕಾಲುಭಾಗವೂ ಡ್ಯಾಶ್‌ಬೋರ್ಡಿನ ನಡುವೆ ಕುಳಿತ ರೇಡಿಯೊಗೆ ಸಲ್ಲುತ್ತಿಲ್ಲ ಎಂಬುದನ್ನು, ಬಹುಕಾಲದಿಂದ ಇಂಥ ಸೆಟ್ಟುಗಳ ರಿಪೇರಿಯಲ್ಲಿ ತೊಡಗಿರುವ ನಾನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ಸೆಟ್ಟಿನ ಮುಂಭಾಗವನ್ನೂ ಗುಂಡಿಗಳನ್ನೂ ಮಾತ್ರ ಉಳಿಸಿಕೊಂಡು, ಒಳಗಿನದೆಲ್ಲವನ್ನೂ ಕಿತ್ತು ಗುಜರಿಗೆ ಹಾಕಿ, ಆ ಜಾಗದಲ್ಲಿ ಬ್ಲೂಟೂತ್ ಬೋರ್ಡೊಂದನ್ನು ಕೂರಿಸುವುದು ಈಚೆಗೆ ರೂಢಿಯಾಗಿಬಿಟ್ಟಿದೆ. ಇನ್ನೂ ಕೆಲವರು ಸೆಟ್ಟನ್ನೇ ಬಿಸಾಡಿ, ಹೊಸ ಮಾದರಿಯ ಅಗಲವಾದ ಪ್ಲೇಯರ್ ಹಿಡಿಸುವುದಕ್ಕಾಗಿ ಡ್ಯಾಶ್‌ಬೋರ್ಡಿನ ತಗಡನ್ನೇ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ತಗಡನ್ನು ಮತ್ತೆ ಮೊದಲಿನಂತೆ ಮಾಡಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಟಿಂಕರಿಂಗ್ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ.

2021ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲರೂಪದಲ್ಲಿರಬೇಕು, ಅದರಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಸಾರ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಕಟ್ಟಿ, ‘ವಿಎ’ ಅಕ್ಷರಗಳಿರುವ ಫಲಕ ಪಡೆದು ಹೆಮ್ಮೆಪಡುವ ಮಾಲೀಕರೇ ರೇಡಿಯೊದ ಮಟ್ಟಿಗೆ ಮೂಲರೂಪದ ಮಾತನ್ನು ಮರೆಯುವುದು ವಿಚಿತ್ರವಾಗಿದೆ. ನಿಯಮದ ಕಣ್ಣು ಇರುವುದು ಚಾಸಿ, ಬಾಡಿ, ಎಂಜಿನ್‌ಗಳ ಮೇಲೆ. ರೇಡಿಯೊ ಅದರ ಲೆಕ್ಕಕ್ಕೆ ಬರುವುದಿಲ್ಲ, ಬರಬೇಕೆಂದು ನಾನೂ ವಾದಿಸುವುದಿಲ್ಲ. ಆದರೆ ಅರುವತ್ತರ ದಶಕದ ಅಂಬಾಸಿಡರ್ ಅಥವಾ ಫಿಯೆಟ್ ಕಾರಿನ ಮಾಲೀಕರು ಬಹುಮಟ್ಟಿಗೆ ರೇಡಿಯೊವನ್ನು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಹಾಕಿಸಿಕೊಂಡವರು, ಅದಕ್ಕೆಂದು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಿದವರು. ಆ ಕಾರಿನ ಚರಿತ್ರೆಯಲ್ಲಿ ಅದೂ ಒಂದು ಅಧ್ಯಾಯವಲ್ಲವೆ?

‘ಅದು ಸತ್ತುಹೋಗಿದೆ, ಈಗ ಸಾಮಾನು ಸಿಗುವುದಿಲ್ಲ’ ಎಂಬುದು ಗ್ಯಾರೇಜುಗಳಲ್ಲಿ ಕೇಳಿಬರುವ ಸಿದ್ಧ ಉತ್ತರ. ನನ್ನ ಅನುಭವದಲ್ಲಿ ಈ ಮಾತು ಅಪರೂಪಕ್ಕೆ ಮಾತ್ರ ನಿಜವಾಗುತ್ತದೆ. ಹಳೆಯ ಕಾರು ರೇಡಿಯೊಗಳು ಕೆಡುವ ರೀತಿಗಳು ಕೆಲವೇ ಕೆಲವು, ಅವೂ ಚೆನ್ನಾಗಿ ಗೊತ್ತಿರುವಂಥವು.

ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮೊದಲು ಆ ಕೆಲಸ ಮಾಡುತ್ತಿದ್ದ ಗಾಜಿನ ಕೊಳವೆ) ಕಾಲದ ಸೆಟ್ಟನ್ನೇ ಮೊದಲು ತೆಗೆದುಕೊಳ್ಳೋಣ. ವಾಲ್ವ್ ಕೆಲಸ ಮಾಡಲು 200 ವೋಲ್ಟಿನ ಆಸುಪಾಸಿನ ವಿದ್ಯುತ್ ಬೇಕು. ಕಾರಿನ ಬ್ಯಾಟರಿ ಕೊಡುವುದು 6 ಅಥವಾ 12 ವೋಲ್ಟ್ ಮಾತ್ರ. ಬ್ಯಾಟರಿಯ ನೇರ (ಡಿ.ಸಿ.) ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಹೆಚ್ಚಿಸಲಾರದು. ಆದ್ದರಿಂದ ವೈಬ್ರೇಟರ್ ಎಂಬ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾದ ಡಬ್ಬಿಯೊಂದನ್ನು ಬಳಸುತ್ತಿದ್ದರು. ಅದರೊಳಗಿನ ಉಕ್ಕಿನ ನಾಲಿಗೆ ಸೆಕೆಂಡಿಗೆ 100ರಿಂದ 115 ಬಾರಿ ಅತ್ತಿತ್ತ ಬಡಿದು ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಒಪ್ಪಿಸುತ್ತದೆ. ಹಳೆಯ ಸೆಟ್ಟು ಹಾಕಿದ ಕೂಡಲೇ ಕೇಳುತ್ತಿದ್ದ ‘ಗುಂಯ್’ ಸದ್ದು ಇದರದೇ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಇದರ ಸಂಪರ್ಕಬಿಂದುಗಳ ಮೇಲೆ ಕಿಲುಬು ಹಿಡಿದು ಸದ್ದೇ ನಿಂತುಹೋಗುತ್ತದೆ, ಇಲ್ಲವೇ ಎರಡು ಬಿಂದುಗಳು ಅಂಟಿಕೊಂಡು ಫ್ಯೂಸ್ ಹಾರುತ್ತದೆ. ಆಗ ಬಹಳ ಮಂದಿ ಮೆಕ್ಯಾನಿಕ್‌ಗಳು ಎಲ್ಲಿಂದಲೋ ಇನ್ನೊಂದು ವೈಬ್ರೇಟರ್ ಸಂಪಾದಿಸಿ ಹಾಕುತ್ತಾರೆ, ಅದೂ ಸ್ವಲ್ಪ ದಿನದಲ್ಲೇ ಸುಟ್ಟುಹೋಗುತ್ತದೆ, ‘ನೋಡಿ ಸ್ವಾಮಿ, ಹಳೆಯದಕ್ಕೆ ಆಯಸ್ಸಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾರೆ. ನಿಜವಾದ ಅಪರಾಧಿ ಅದರ ಪಕ್ಕದಲ್ಲೇ ಇರುತ್ತದೆ. ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಬದಿಯಲ್ಲಿ ಬಫರ್ ಕಂಡೆನ್ಸರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಎಂಬುದೊಂದಿದೆ. ಸಂಪರ್ಕ ಕಡಿದಾಗ ಏಳುವ ವೋಲ್ಟೇಜಿನ ಹೊಡೆತವನ್ನು ಅದು ತಡೆದುಕೊಳ್ಳುತ್ತದೆ. ಅದರಲ್ಲಿ ವಿದ್ಯುತ್ ಸೋರತೊಡಗಿದರೆ ಎಂಥ ಹೊಸ ವೈಬ್ರೇಟರೂ ಉಳಿಯುವುದಿಲ್ಲ. ಆದ್ದರಿಂದ ಸೆಟ್ಟಿಗೆ ಬ್ಯಾಟರಿಯ ಸಂಪರ್ಕ ಕೊಡುವ ಮೊದಲೇ ಬಫರ್ ಬದಲಾಯಿಸುವುದು ಈ ಕಸುಬಿನ ಮೊದಲ ಪಾಠ. ಹೊಸದರ ಕೆಪ್ಯಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ) ಹಳೆಯದರಷ್ಟೇ ಇರಬೇಕು, ಅದರ ವೋಲ್ಟೇಜ್ ತಾಳಿಕೆ 1,600 ವೋಲ್ಟಿಗೆ ಕಡಿಮೆ ಇರಬಾರದು. ಈಗ ವೈಬ್ರೇಟರಿನ ಕೆಲಸವನ್ನು ಸದ್ದಿಲ್ಲದೆ ಮಾಡುವ ಟ್ರಾನ್ಸಿಸ್ಟರ್ ಸರ್ಕಿಟ್ಟನ್ನು ಹಳೆಯ ಡಬ್ಬಿಯೊಳಗೇ ಕೂರಿಸಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬೇಕೆಂದಾಗ ತೆಗೆದು ಹಳೆಯದನ್ನೇ ಚುಚ್ಚಬಹುದು. ಇಂಥ ಬದಲಾವಣೆಗೆ ನನ್ನ ಆಕ್ಷೇಪವಿಲ್ಲ.

ಉಳಿದದ್ದು ಕಾಗದದ ಕಂಡೆನ್ಸರುಗಳು, ಒಣಗಿದ ಎಲೆಕ್ಟ್ರೊಲೈಟಿಕ್ ಕಂಡೆನ್ಸರುಗಳು. ಇವನ್ನು ಬದಲಾಯಿಸಿದರೆ ಅರ್ಧಕ್ಕಿಂತ ಹೆಚ್ಚು ಸೆಟ್ಟುಗಳು ಮಾತನಾಡುತ್ತವೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕಾರಿನ ಬ್ಯಾಟರಿ 12 ವೋಲ್ಟ್ ತಾನೆ ಎಂದು ತೆರೆದ ಸೆಟ್ಟಿನೊಳಗೆ ಬೆರಳಿಡಬಾರದು. ಒಳಗಿರುವುದು ಜೀವಕ್ಕೆ ಅಪಾಯ ತರಬಲ್ಲ ವೋಲ್ಟೇಜು.

ಟ್ರಾನ್ಸಿಸ್ಟರ್ ಸೆಟ್ಟುಗಳ ರೋಗ ಬೇರೆ ಬಗೆಯದು. ಅರುವತ್ತರ ದಶಕದ ಬಹಳಷ್ಟು ಸೆಟ್ಟುಗಳಲ್ಲಿ ಎಎಫ್ 114ರಿಂದ ಎಎಫ್ 117ರವರೆಗಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿವೆ. ಇವುಗಳಿಗೆ ಮೂರಲ್ಲ, ನಾಲ್ಕು ಕಾಲುಗಳು. ನಾಲ್ಕನೆಯದು ಲೋಹದ ಡಬ್ಬಿಗೆ ಸೇರಿದ್ದು. ಕಾಲಕ್ರಮದಲ್ಲಿ ಡಬ್ಬಿಯ ಒಳಗೋಡೆಯಿಂದ ಕೂದಲಿಗಿಂತ ತೆಳುವಾದ ತವರದ ಎಳೆಗಳು ಬೆಳೆದು ಟ್ರಾನ್ಸಿಸ್ಟರಿಗೆ ತಗುಲಿ ಷಾರ್ಟ್ ಮಾಡುತ್ತವೆ. ಬಳಸದೆ ಪೆಟ್ಟಿಗೆಯಲ್ಲಿಟ್ಟ ಹೊಸ ಟ್ರಾನ್ಸಿಸ್ಟರಿನಲ್ಲೂ ಇದು ಬೆಳೆಯುತ್ತದೆ. ಹೀಗಾಗಿ ‘ಹಳೆ ಸ್ಟಾಕಿನ ಹೊಸ ಮಾಲು’ ಎಂದು ಹೆಚ್ಚು ಬೆಲೆಗೆ ಮಾರುವವರನ್ನು ನಂಬಿ ಮೋಸಹೋಗಬಾರದು. ಒಂದೇ ಎಳೆ ತಗುಲಿದ್ದರೆ ನಾಲ್ಕನೆಯ ಕಾಲನ್ನು ಕತ್ತರಿಸಿದಷ್ಟಕ್ಕೇ, ಒಂದು ಪೈಸೆ ಖರ್ಚಿಲ್ಲದೆ, ಸೆಟ್ಟು ಹಾಡತೊಡಗುತ್ತದೆ. ‘ಸತ್ತುಹೋಗಿದೆ’ ಎಂದು ಗುಜರಿ ಸೇರಿದ ಸೆಟ್ಟುಗಳಲ್ಲಿ ಎಷ್ಟಕ್ಕೆ ಇಷ್ಟು ಮಾತ್ರ ಬೇಕಾಗಿತ್ತೋ ಎಂದು ನೆನೆದರೆ ಬೇಸರವಾಗುತ್ತದೆ. ಟ್ರಾನ್ಸಿಸ್ಟರು ನಿಜಕ್ಕೂ ಹೋಗಿದ್ದರೆ ಬೇರೆ ಜರ್ಮೇನಿಯಂ ಟ್ರಾನ್ಸಿಸ್ಟರನ್ನೇ ಹಾಕುವುದು ಒಳ್ಳೆಯದು. ಸಿಲಿಕಾನ್ ಹಾಕುವುದಾದರೆ ಅದಕ್ಕೆ 0.6 ವೋಲ್ಟಿನಷ್ಟು ಬಯಾಸ್ (ಅದನ್ನು ಕೆಲಸಕ್ಕೆ ಎಬ್ಬಿಸುವ ವೋಲ್ಟೇಜು) ಬೇಕು, ಜರ್ಮೇನಿಯಂಗೆ 0.2ರ ಸುಮಾರು ಸಾಕು. ಸುತ್ತಲಿನ ರೆಸಿಸ್ಟರುಗಳನ್ನು ಲೆಕ್ಕಹಾಕಿ ಬದಲಿಸದೆ ಸುಮ್ಮನೆ ಚುಚ್ಚಿದರೆ ಕೆಲಸ ಮಾಡುವುದಿಲ್ಲ. ಸೆಟ್ಟನ್ನು ಪರೀಕ್ಷಿಸುವಾಗ ಸ್ಪೀಕರ್ ಕಳಚಿಟ್ಟು ಸ್ವಿಚ್ ಹಾಕುವ ಅಭ್ಯಾಸವೂ ಕೆಟ್ಟದ್ದು, ಔಟ್‌ಪುಟ್ ಟ್ರಾನ್ಸಿಸ್ಟರು ಆ ಕ್ಷಣದಲ್ಲೇ ಹೋಗಬಹುದು.

ಈ ಟ್ರಾನ್ಸಿಸ್ಟರುಗಳನ್ನೂ ವಾಲ್ವ್‌ಗಳನ್ನೂ ನಮ್ಮ ನಾಡು ಹೊರಗಿನಿಂದ ತರಿಸಿಕೊಂಡಷ್ಟೇ ಅಲ್ಲ, ಇಲ್ಲಿಯೇ ತಯಾರಿಸಿತ್ತು ಎಂಬುದನ್ನು ಹೊಸ ಪೀಳಿಗೆಗೆ ನೆನಪಿಸಬೇಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳನ್ನೂ ಮಾಡತೊಡಗಿತು. ಹಳೆಯ ಸೆಟ್ಟುಗಳೊಳಗೆ ಬಿಇಎಲ್ ಎಂಬ ಮುದ್ರೆ ಕಂಡಾಗ ನನಗಂತೂ ಕಿತ್ತೆಸೆಯಲು ಕೈ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಾಳ್ಮೆಯಿಂದ ಹುಡುಕಿದರೆ ಕಂಡೆನ್ಸರು, ರೆಸಿಸ್ಟರುಗಳಿಗೆ ಯಾವ ಕೊರತೆಯೂ ಇಲ್ಲ; ಕಾರಿಗೆ ಸಂಬಂಧಿಸಿದ ಸಾಮಾನಿಗೆ ಹತ್ತಿರದಲ್ಲೇ ಜೆ.ಸಿ. ರಸ್ತೆ ಇದೆ.

ಹೊಸಬರು ಹೆಚ್ಚಾಗಿ ಎಡವುವುದು ಸೆಟ್ಟನ್ನು ಕಾರಿಗೆ ಮರಳಿ ಜೋಡಿಸುವಾಗ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಬದಿ ಬಾಡಿಗೆ ಸೇರಿರುತ್ತದೆ. ಐವತ್ತು, ಅರುವತ್ತರ ದಶಕದ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಬದಿ ಬಾಡಿಗೆ ಸೇರಿರುತ್ತಿತ್ತು. ಟ್ರಾನ್ಸಿಸ್ಟರ್ ಸೆಟ್ಟಿಗೆ ವಿದ್ಯುತ್ತನ್ನು ಉಲ್ಟಾ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಕೆಟ್ಟುಹೋಗುತ್ತದೆ. ಆದ್ದರಿಂದ ಬ್ಯಾಟರಿಯ ಯಾವ ತಂತಿ ಬಾಡಿಗೆ ಹೋಗಿದೆ ಎಂದು ಮೊದಲು ನೋಡಬೇಕು. ಬಳಿಕ ಸೆಟ್ಟಿನ ಹಿಂಬದಿಯಲ್ಲೋ ಪಕ್ಕದಲ್ಲೋ ಧ್ರುವ ಬದಲಿಸುವ ಪ್ಲಗ್ ಇದೆಯೇ ಎಂದು ನೋಡಬೇಕು. ಆ ಕಾಲದ ಅನೇಕ ಸೆಟ್ಟುಗಳಲ್ಲಿ ಈ ಸೌಕರ್ಯವಿತ್ತು. ಮೊದಲ ಸಲ ಹಾಕುವಾಗ ಕಾರಿನ ಬ್ಯಾಟರಿಯಿಂದಲ್ಲ, ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈಯಿಂದ ಹಾಕಬೇಕು. ಬ್ಯಾಟರಿ ಚಾರ್ಜರಿನಿಂದ ನೇರವಾಗಿ ಹಾಕುವುದು ಮಾತ್ರ ಬೇಡವೇ ಬೇಡ.

ಸೆಟ್ಟು ಮೇಜಿನ ಮೇಲೆ ಚೆನ್ನಾಗಿ ಹಾಡಿ, ಕಾರಿನಲ್ಲಿ ಎಂಜಿನ್ ಚಾಲೂ ಮಾಡಿದಾಗ ಕರಕರ ಎಂದರೆ ದೋಷ ಸೆಟ್ಟಿನದಲ್ಲ. ಪ್ಲಗ್ಗುಗಳ ಕಿಡಿ, ಡೈನಮೊದ ಬ್ರಷ್ಷುಗಳು ಸದ್ದು ಮಾಡುತ್ತಿರುತ್ತವೆ. ಡೈನಮೊದ ಔಟ್‌ಪುಟ್ ತುದಿಗೂ ಇಗ್ನಿಷನ್ ಕಾಯಿಲಿನ ಬ್ಯಾಟರಿ ಬದಿಯ ತುದಿಗೂ ಒಂದೊಂದು ಸಪ್ರೆಸರ್ ಕಂಡೆನ್ಸರ್ ಹಾಕಿದರೆ, ಪ್ಲಗ್ ತಂತಿಗಳನ್ನು ರೆಸಿಸ್ಟರ್ ಇರುವಂಥವಕ್ಕೆ ಬದಲಿಸಿದರೆ ಸದ್ದು ಬಹುತೇಕ ಅಡಗುತ್ತದೆ. ಡೈನಮೊದ ಫೀಲ್ಡ್ ತುದಿಗೆ ಮಾತ್ರ ಕಂಡೆನ್ಸರ್ ಹಾಕಕೂಡದು. ಏರಿಯಲ್ಲಿನ ತಂತಿ ಹಾಳಾಗಿದೆಯೆಂದು ಟಿ.ವಿ. ಕೇಬಲ್ಲಿನ ತುಂಡು ಹಾಕುವವರಿದ್ದಾರೆ. ಕಾರು ಏರಿಯಲ್ಲಿನ ಕೇಬಲ್ಲು ಕಡಿಮೆ ಕೆಪ್ಯಾಸಿಟೆನ್ಸಿನದು, ಬೇರೆಯದು ಹಾಕಿದರೆ ದೂರದ ಕೇಂದ್ರಗಳು ಮಂಕಾಗುತ್ತವೆ. ಏರಿಯಲ್ ಪೂರ್ತಿ ಎತ್ತಿ, 1,400 ಕಿಲೋ ಹರ್ಟ್ಸ್ ಬಳಿ ಕ್ಷೀಣವಾಗಿ ಕೇಳುವ ಕೇಂದ್ರವೊಂದನ್ನು ಹಿಡಿದು, ಏರಿಯಲ್ ಟ್ರಿಮ್ಮರನ್ನು (ಸೆಟ್ಟನ್ನು ಏರಿಯಲ್ಲಿಗೆ ಹೊಂದಿಸುವ ಸಣ್ಣ ಸ್ಕ್ರೂವನ್ನು) ಸದ್ದು ಅತಿ ಜೋರಾಗುವವರೆಗೆ ತಿರುಗಿಸಿದರೆ ಸಾಕು. ಒಳಗಿನ ಐ.ಎಫ್. ಕಾಯಿಲ್‌ಗಳ (ಕೇಂದ್ರಗಳನ್ನು ಬೇರ್ಪಡಿಸಿ ಹಿಡಿಯುವ ಸುರುಳಿಗಳ) ಸ್ಕ್ರೂಗಳನ್ನು ಮಾತ್ರ, ಸಿಗ್ನಲ್ ಜನರೇಟರ್ ಇಲ್ಲದವರು ಮುಟ್ಟಬಾರದು. ನನ್ನ ಬಳಿಗೆ ಬರುವ ಸೆಟ್ಟುಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ತಾನಾಗಿ ಕೆಟ್ಟದ್ದಲ್ಲ, ಯಾರೋ ಹೀಗೆ ತಿರುಗಿಸಿ ಕೆಡಿಸಿದ್ದು.

ಇಷ್ಟೆಲ್ಲ ಮಾಡಿ ಕೇಳುವುದಾದರೂ ಏನನ್ನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಸೆಟ್ಟುಗಳಲ್ಲಿ ಹೆಚ್ಚಿನವು ಮಧ್ಯಮ ತರಂಗದವು. ಪ್ರಸಾರ ಭಾರತಿ ಈಚಿನ ವರ್ಷಗಳಲ್ಲಿ ದೇಶದ ಹಲವೆಡೆ ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ಹೊರಳಿದೆ. ಡಯಲಿನ ಮೇಲೆ ಬೆಂಗಳೂರಿಗೆ 612, ಧಾರವಾಡಕ್ಕೆ 765 ಎಂದು ಕಣ್ಣುಮುಚ್ಚಿ ಮುಳ್ಳನ್ನು ತಿರುಗಿಸುತ್ತಿದ್ದ ಕೇಳುಗರಿಗೆ ಇದರ ನೋವು ಗೊತ್ತು. ಹಾಗಿದ್ದರೂ ಉಳಿದ ಕೇಂದ್ರಗಳು, ರಾತ್ರಿಯ ಹೊತ್ತು ನೂರಾರು ಕಿಲೋಮೀಟರ್ ದೂರದಿಂದ ತೇಲಿ ಬರುವ ಕೇಂದ್ರಗಳು ಇನ್ನೂ ಇವೆ. ಮೊಬೈಲಿನ ಹಾಡೂ ಬೇಕೆನ್ನುವವರಿಗೆ ಸೆಟ್ಟಿನ ಹೊಟ್ಟೆ ಬಗೆಯದೆ ದಾರಿಯಿದೆ. ವಾಲ್ಯೂಮ್ ಕಂಟ್ರೋಲಿನ ತುದಿಗೆ ಕಂಡೆನ್ಸರ್ ಮೂಲಕ ಒಂದು ಸಣ್ಣ ತಂತಿಯನ್ನು ಬೆಸೆದು, ಕಣ್ಣಿಗೆ ಕಾಣದ ಕಡೆ ಸ್ವಿಚ್ಚೊಂದನ್ನು ಇಟ್ಟರೆ ಮುಗಿಯಿತು. ತೂತು ಕೊರೆಯಬೇಕಿಲ್ಲ, ನಾಳೆ ಬೇಡವೆಂದರೆ ಬಿಡಿಸಬಹುದು. ಪಾಸಿಟಿವ್ ಬದಿ ಬಾಡಿಗೆ ಸೇರಿರುವ ಕಾರಿನಲ್ಲಿ ಮಾತ್ರ, ಅದೇ ಕಾರಿನಿಂದ ಚಾರ್ಜ್ ಆಗುತ್ತಿರುವ ಮೊಬೈಲನ್ನು ಈ ತಂತಿಗೆ ಸಿಕ್ಕಿಸಬಾರದು, ಆ ಆಡಿಯೊ ತಂತಿಯ ಮೂಲಕವೇ ಬ್ಯಾಟರಿ ಷಾರ್ಟ್ ಆಗುತ್ತದೆ. ತನ್ನದೇ ಸೆಲ್ಲಿನಿಂದ ನಡೆಯುವ ಪುಟ್ಟ ಬ್ಲೂಟೂತ್ ರಿಸೀವರ್ ಬಳಸಿದರೆ ಆ ತೊಂದರೆಯಿಲ್ಲ.

ವಿಂಟೇಜ್ ಕಾರುಗಳ ರ್‍ಯಾಲಿ ಏರ್ಪಡಿಸುವ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು: ತೀರ್ಪುಗಾರರು ಹಾರ್ನು, ವೈಪರು, ಇಂಡಿಕೇಟರುಗಳನ್ನು ಪರೀಕ್ಷಿಸುವಾಗ ರೇಡಿಯೊದ ಸ್ವಿಚ್ಚನ್ನೂ ಒಮ್ಮೆ ತಿರುಗಿಸಲಿ, ಕಾಲಕ್ಕೆ ತಕ್ಕ ಸೆಟ್ಟು ನಡೆಯುವ ಸ್ಥಿತಿಯಲ್ಲಿದ್ದರೆ ಅದಕ್ಕೆ ಒಂದೆರಡು ಅಂಕ ಇಡಲಿ. ಅಂಕ ಸಿಗುತ್ತದೆಂದರೆ ಮಾಲೀಕರು ತಾವಾಗಿಯೇ ರಿಪೇರಿಯವರನ್ನು ಹುಡುಕುತ್ತಾರೆ. ಐ.ಟಿ.ಐ.ಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರಿಗೆ ಇಂಥ ಸೆಟ್ಟೊಂದನ್ನು ಬಿಚ್ಚಲು ಕೊಟ್ಟರೆ, ಪ್ರತಿಯೊಂದು ಹಂತವನ್ನೂ ಕಣ್ಣಾರೆ ಕಂಡು ಮೀಟರಿನಲ್ಲಿ ಅಳೆದು ಕಲಿಯಬಹುದು. ಎಲ್ಲವೂ ಒಂದೇ ಚಿಪ್ಪಿನಲ್ಲಿ ಅಡಗಿರುವ ಇಂದಿನ ಬೋರ್ಡಿನಲ್ಲಿ ಅದು ಸಾಧ್ಯವಿಲ್ಲ. ಯಾವ ಕಾರಣದಿಂದಲಾದರೂ ಹಳೆಯ ಸೆಟ್ಟನ್ನು ತೆಗೆಸಲೇಬೇಕಾಗಿ ಬಂದ ಮಾಲೀಕರು ಅದನ್ನು ಗ್ಯಾರೇಜಿನಲ್ಲಿ ಬಿಟ್ಟುಬರದೆ, ಅದರ ಗುಂಡಿಗಳು, ಹಿಡಿಕೆಯ ಪಟ್ಟಿ, ಸ್ಕ್ರೂಗಳು ಮತ್ತು ಸ್ಪೀಕರಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಕಾರಿನ ನಂಬರ್ ಬರೆದು ಮನೆಯಲ್ಲಿಟ್ಟುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ರೇಡಿಯೊಗಳ ರಿಪೇರಿ ಮಾಡುವ ಒಬ್ಬ ಓದುಗ
ಮೈಸೂರು