ಮೂರು ಮಳೆಗಾಲ, ಒಂದೂ ಬರಿ ತಲೆ ಇಲ್ಲ

ಕಾವೇರಿ ಸಂಕ್ರಮಣ ಕಳೆಯಿತು, ಮಳೆ ಹಿಂದೆ ಸರಿಯಿತು. ನಮ್ಮ ಪುಟ್ಟ ಸವಾರಿ ಕೂಟಕ್ಕೆ ಇದು ಮೂರನೆಯ ಮಳೆಗಾಲ. ಈ ಅವಧಿಯಲ್ಲಿ ಹೆಲ್ಮೆಟ್ ಇಲ್ಲದೆ ಒಬ್ಬರೂ ಇಲ್ಲಿ ಕುದುರೆ ಹತ್ತಿಲ್ಲ. ಬಿದ್ದವರಿದ್ದಾರೆ, ಕುದುರೆ ಎಂದ ಮೇಲೆ ಬೀಳುವುದೂ ಉಂಟು. ಕೈ ಉಳುಕಿದೆ, ಸೊಂಟ ಹಿಡಿದಿದೆ. ತಲೆಗೆ ಪೆಟ್ಟಾಗಿ ಮೈಸೂರಿಗೆ ಓಡಬೇಕಾದವರು ಮಾತ್ರ ಯಾರೂ ಇಲ್ಲ. ಮಡಿಕೇರಿಯಿಂದ ಅಲ್ಲಿಗೆ ಸುಮಾರು 120 ಕಿಲೋಮೀಟರ್. ಆಷಾಢದ ಮಳೆಯಲ್ಲಿ ಆ ದಾರಿ ಎಷ್ಟು ಉದ್ದವಾಗುತ್ತದೆ ಎಂದು ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಹೆಲ್ಮೆಟ್ ಕೊಳ್ಳುವುದು ಕಷ್ಟವಲ್ಲ, ದುಡ್ಡಿದ್ದರೆ ಆಯಿತು. ಕೊಂಡದ್ದು ತಲೆಯ ಮೇಲೆ ಸರಿಯಾಗಿ ಕೂರುವುದಕ್ಕೆ ಹತ್ತಾರು ಕೈ ಬೇಕು. ಅಳತೆ ಹಿಡಿಯುವವರು, ಜಡೆ ಬಿಚ್ಚುವವರು, ಒಣಗಿಸುವವರು, ಮುಲಾಜಿಲ್ಲದೆ ಎಸೆಯುವವರು. ಈ ಬರಹ ಆ ಕೈಗಳಿಗೆ.

ಮೊದಲ ವಂದನೆ ಟೇಪು ಹಿಡಿದು ಬಂದ ದರ್ಜಿ ಅಕ್ಕನಿಗೆ. ಹುಬ್ಬಿನಿಂದ ಒಂದು ಅಂಗುಲ ಮೇಲೆ, ಕಿವಿಗಳ ಮೇಲಿಂದ ಹಾದು, ಹಿಂದೆ ತಲೆಬುರುಡೆ ಉಬ್ಬಿರುವ ಕಡೆ ಸುತ್ತಿ ಬರಬೇಕು ಟೇಪು. ಎರಡು ಸಲ ಅಳೆದು, ದೊಡ್ಡದಾಗಿ ಬಂದ ಅಂಕಿಯನ್ನು ಬರೆದುಕೊಳ್ಳಬೇಕು. 55 ಸೆಂಟಿಮೀಟರ್ ತಲೆಗೆ 57ರ ಹೆಲ್ಮೆಟ್ ಹಾಕಿ ಹಿಂದಿನ ಡಯಲ್ ತಿರುಗಿಸಿ ಬಿಗಿ ಮಾಡಿದರೆ ಸರಿ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಡಯಲ್ ಇರುವುದು ಕೊನೆಯ ಎಳೆಯಷ್ಟು ವ್ಯತ್ಯಾಸ ಸರಿಪಡಿಸಲು, ಸೈಜ್ ಬದಲಿಸಲು ಅಲ್ಲ. ಇನ್ನು ಆಕಾರ. ಮುಂದೆ ಹಿಂದೆ ಒತ್ತಿ, ಎರಡೂ ಪಕ್ಕದಲ್ಲಿ ಸಡಿಲವಿದ್ದರೆ ಅದು ದುಂಡು ತಲೆಯವರ ಹೆಲ್ಮೆಟ್ಟು, ಉದ್ದ ತಲೆಯ ಮೇಲೆ ಕೂತಿದೆ ಎಂದರ್ಥ. ಹಾಕಿದ ಕಾಲು ಗಂಟೆಯಲ್ಲಿ ಹಣೆ ನೋಯಲು ಶುರುವಾದರೆ ಬೇರೆ ಮಾದರಿ ನೋಡಬೇಕು. ಫೋಮ್ ಕೆರೆದು ಜಾಗ ಮಾಡಬಾರದು.

ಪಟ್ಟಿ ಕಟ್ಟದೆಯೇ ಮುಂದಕ್ಕೆ ಬಗ್ಗಿ ತಲೆ ಅಲ್ಲಾಡಿಸಿ. ಬಿದ್ದರೆ ದೊಡ್ಡದು. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಸರಿಸಿದಾಗ ಹಣೆಯ ಚರ್ಮವೂ ಹುಬ್ಬೂ ಅದರ ಜೊತೆಗೇ ಸರಿಯಬೇಕು. ಅಂಚು ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ನೆಲಕ್ಕೆ ಸಮನಾಗಿ. ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದು ಬೆರಳಷ್ಟೇ ತೂರಬೇಕು. ಹುಡುಗ ಬೆಳೆಯುತ್ತಾನೆ, ಒಂದು ಸೈಜ್ ದೊಡ್ಡದೇ ಇರಲಿ ಎಂಬ ಸ್ಕೂಲ್ ಯೂನಿಫಾರ್ಮಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಹೆಲ್ಮೆಟ್ ಬೀಳುವ ಹೊತ್ತಿಗೆ ಹಿಂದಕ್ಕೆ ಜಾರಿ ಹಣೆಯನ್ನು ಖಾಲಿ ಬಿಡುತ್ತದೆ.

ಎರಡನೆಯದು ಅಮ್ಮಂದಿರಿಗೆ. ಬೆಳಿಗ್ಗೆ ಐದೂವರೆಗೆ ಮಗಳ ಜಡೆ ಹಾಕುವುದೇ ಒಂದು ಕೆಲಸ, ನಾವು ಅದನ್ನು ಬಿಚ್ಚಿ ಮತ್ತೆ ಹಾಕಿ ಎಂದೆವು. ತುರುಬು ನೆತ್ತಿಯ ಹತ್ತಿರ ಇದ್ದರೆ ಹೆಲ್ಮೆಟ್ ಮುಂದಕ್ಕೆ ವಾಲಿ ಹಿಂಭಾಗ ಎದ್ದು ನಿಲ್ಲುತ್ತದೆ. ಕ್ಲಿಪ್ಪು, ಹೇರ್‌ಪಿನ್ನು ಒಳಗಿದ್ದರೆ ಬಿದ್ದಾಗ ಅದೇ ತಲೆಗೆ ಚುಚ್ಚುತ್ತದೆ. ಕತ್ತಿನ ಬುಡದಲ್ಲಿ, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ, ಬಟ್ಟೆಯ ರಬ್ಬರ್ ಬ್ಯಾಂಡಿನಲ್ಲಿ ಒಂದು ಗಂಟು ಸಾಕು. ಎಂದೂ ಒಂದೇ ರೀತಿ ಕಟ್ಟಿಕೊಳ್ಳಬೇಕು. ಇವತ್ತು ಜಡೆ, ನಾಳೆ ಬಿಚ್ಚುಗೂದಲು ಎಂದಾದರೆ ಅಳತೆಯೂ ದಿನಕ್ಕೊಂದು. ಮುಡಿದ ಮಲ್ಲಿಗೆಯನ್ನು ತೆಗೆದು ಲಾಯದ ಕಿಟಕಿಯಲ್ಲಿಟ್ಟು ಸವಾರಿ ಮುಗಿದ ಮೇಲೆ ಮುಡಿದುಕೊಳ್ಳುವ ಪದ್ಧತಿ ಈಗ ಬಂದುಬಿಟ್ಟಿದೆ. ಕಿಟಕಿಯ ಹತ್ತಿರ ಕುದುರೆ ಕಟ್ಟದಿದ್ದರೆ ಒಳ್ಳೆಯದು.

ಹೊರದೇಶದಿಂದ ಬರುವಾಗ ಕೈಚೀಲದಲ್ಲಿ ಹೆಲ್ಮೆಟ್ ತಂದವರಿಗೆ ದೊಡ್ಡ ಉಪಕಾರ ಬಾಕಿ ಇದೆ. ಅವರು ಕೇಳುತ್ತಿದ್ದ ಒಂದೇ ಪ್ರಶ್ನೆ: ಯಾವುದು ನೋಡಿ ತರಲಿ? ಒಳಗಿನ ಲೇಬಲ್‌ನಲ್ಲಿ ಸುರಕ್ಷತಾ ಮಾನದಂಡದ ಹೆಸರು ನೋಡಿ. ಅಮೆರಿಕದ್ದಾದರೆ ಎಎಸ್‌ಟಿಎಂ ಎಫ್1163, ಅದರ ಜೊತೆ ಪರೀಕ್ಷಿಸಿ ದೃಢೀಕರಿಸಿದ ಎಸ್‌ಇಐ ಮುದ್ರೆ. ಬ್ರಿಟನ್ನಿನದ್ದಾದರೆ ಪಿಎಎಸ್ 015. ಯುರೋಪಿನದ್ದಾದರೆ ವಿಜಿ1 ಅಥವಾ ಇಎನ್ 1384ರ 2017ರ ಅಥವಾ ಅದರ ನಂತರದ ಆವೃತ್ತಿ. ಬರೀ ಸಿಇ ಎಂಬ ಎರಡಕ್ಷರ ಕಂಡರೆ ಅದು ಕುದುರೆ ಸವಾರಿಗೆ ಆದದ್ದು ಎಂದು ತಿಳಿಯಬೇಡಿ. ವೆಲ್ವೆಟ್ ಹೊದಿಸಿದ, ಗದ್ದದ ಪಟ್ಟಿ ನೆಟ್ಟಗಿಲ್ಲದ ಹಳೆಯ ಬೇಟೆ ಟೋಪಿ ಗೋಡೆಗೆ ಚಂದ, ಅಷ್ಟೇ.

ಮನೆಯಲ್ಲಿರುವ ಬೇರೆ ಹೆಲ್ಮೆಟ್ ಆಗದೇ ಎಂದು ಈಗಲೂ ಕೇಳುತ್ತಾರೆ. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತಿರುವ ಜಿಲ್ಲೆ ಇದು, ಗೋಲ್‌ಕೀಪರ್ ಹೆಲ್ಮೆಟ್ ಹುಡುಕಿದರೆ ಸಿಗುತ್ತದೆ. ಆದರೆ ಅದೂ ಕ್ರಿಕೆಟ್ಟಿನದ್ದೂ ಹಾರಿ ಬರುವ ಚೆಂಡಿಗೆ ಮಾಡಿದ್ದು, ಎತ್ತರದಿಂದ ನೆಲಕ್ಕೆ ಬೀಳುವ ತಲೆಗಲ್ಲ. ಸೈಕಲ್ಲಿನದಕ್ಕೆ ಗಾಳಿಕಿಂಡಿ ದೊಡ್ಡದು, ಕತ್ತಿನ ಕಡೆ ಮುಚ್ಚುವುದು ಕಡಿಮೆ, ಗೊರಸಿನ ಅಂಚೋ ಕಲ್ಲಿನ ಮೂಲೆಯೋ ಒಳಗೆ ತೂರಬಹುದು. ಭಾರತೀಯ ಮಾನದಂಡ ಐಎಸ್ 4151ರ ಮುದ್ರೆಯ ಬೈಕ್ ಹೆಲ್ಮೆಟ್ ಗಟ್ಟಿಯೇ ಸರಿ, ಆದರೆ ಹೆಚ್ಚಿನವುಗಳ ತೂಕ ಒಂದು ಕಿಲೋ ಹತ್ತಿರ ಅಥವಾ ಅದಕ್ಕೂ ಮೇಲೆ. ಕುದುರೆಯ ಪ್ರತಿ ಹೆಜ್ಜೆಗೂ ಆ ಭಾರ ಕತ್ತನ್ನು ಎಳೆಯುತ್ತದೆ, ಪಕ್ಕದ ನೋಟವನ್ನೂ ಹಿಂದಿನ ಸದ್ದನ್ನೂ ಕದಿಯುತ್ತದೆ. ಸವಾರಿ ಹೆಲ್ಮೆಟ್ ಸುಮಾರಾಗಿ ಅರ್ಧ ಕಿಲೋ.

ಈಗ ಲಾಯದ ಬಾಗಿಲಲ್ಲಿ ತೂಗುತ್ತಿರುವ ಅರ್ಧ ಹೆಲ್ಮೆಟ್ಟಿನ ವಿಷಯ. ಹ್ಯಾಕ್ಸಾ ತಂದು, ಸವಾರ ಬಿದ್ದಾಗ ಪೆಟ್ಟು ತಿಂದಿದ್ದ ಅದನ್ನು ನಟ್ಟನಡುವೆ ಕೊಯ್ದುಕೊಟ್ಟ ಬಡಗಿಯ ಕೆಲಸ ನಮ್ಮ ಎಲ್ಲ ಭಾಷಣಗಳಿಗಿಂತ ಹೆಚ್ಚು ಮಾಡಿದೆ. ಹೊರಚಿಪ್ಪಿನ ಮೇಲೆ ಒಂದು ಗೀರು, ಅದೂ ಉಗುರಿನಲ್ಲಿ ಮುಟ್ಟಿದರೆ ಮಾತ್ರ ಗೊತ್ತಾಗುವಂಥದ್ದು. ಒಳಗಡೆ ಬಿಳಿ ಪದರ, ನಮ್ಮ ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲಿನ ಬಂಧುವೇ, ಇನ್ನೂ ಒತ್ತಾದ ಜಾತಿ. ಒಂದು ಕಡೆ ಅದರ ಮಣಿಗಳು ಚಪ್ಪಟೆಯಾಗಿ ಗಾಜಿನಂತೆ ಮಿನುಗುತ್ತವೆ, ಹೆಬ್ಬೆರಳು ಇಟ್ಟರೆ ಕೂರುವಷ್ಟು ತಗ್ಗು. ಒಂದು ಕೂದಲೆಳೆಯ ಬಿರುಕು ಅಲ್ಲಿಂದ ಹೊರಟು ಕಿವಿಯವರೆಗೆ ಹೋಗಿದೆ. ಮಕ್ಕಳು ಬಂದು ಹೋಗುವಾಗಲೆಲ್ಲ ಆ ತಗ್ಗಿಗೆ ಬೆರಳು ಹಾಕಿ ನೋಡುತ್ತಾರೆ.

ಆ ತಗ್ಗೇ ಹೆಲ್ಮೆಟ್ ಮಾಡಿದ ಕೆಲಸ. 14 ಹ್ಯಾಂಡ್ಸ್ ಕುದುರೆ ಎಂದರೆ ಹೆಗಲಿನಲ್ಲಿ 142 ಸೆಂಟಿಮೀಟರ್ ಎತ್ತರ. ಮೇಲೆ ಕೂತವರ ತಲೆ ನೆಲದಿಂದ ಸುಮಾರು 2.3 ಮೀಟರ್. ಅಲ್ಲಿಂದ ನೇರ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 24 ಕಿಲೋಮೀಟರ್, ಕುದುರೆ ನಿಂತೇ ಇದ್ದರೂ. ತಲೆ ಆ ವೇಗದಿಂದ ಸೊನ್ನೆಗೆ ಬರಲು ಎಷ್ಟು ದೂರ ಸಿಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕಾಫಿ ಕಣದ ಸಿಮೆಂಟಿನ ಮೇಲೆ ಬರಿ ತಲೆಗೆ ಸಿಗುವುದು ಒಂದೆರಡು ಮಿಲಿಮೀಟರ್. ಬಿಳಿ ಪದರ ಕುಗ್ಗುತ್ತಾ 20 ಮಿಲಿಮೀಟರ್ ಕೊಟ್ಟರೆ ಸರಾಸರಿ ಹೊಡೆತ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಫ್1163 ಪರೀಕ್ಷೆಯಲ್ಲಿ ಸಮತಟ್ಟು ಕಬ್ಬಿಣದ ಮೇಲೆ 1.8 ಮೀಟರಿನಿಂದ ಬೀಳಿಸುತ್ತಾರೆ, ತಲೆಗೆ 300 ಜಿ, ಅಂದರೆ ಗುರುತ್ವದ ಮುನ್ನೂರು ಪಟ್ಟು, ಮೀರಿದ ಹೊಡೆತ ತಾಗಬಾರದು. ಗೊರಸಿನಂಥ ಚೂಪು ಅಂಚಿನ ಮೇಲೂ ಬೇರೆ ಪರೀಕ್ಷೆ ಉಂಟು. ಅಂದರೆ ಹೆಲ್ಮೆಟ್ಟಿಗೂ ಮಿತಿ ಇದೆ, ಮಂತ್ರವಲ್ಲ ಅದು. ಒಮ್ಮೆ ಕುಗ್ಗಿದ ಪದರ ಮತ್ತೆ ಉಬ್ಬುವುದಿಲ್ಲ. ಎರಡನೆಯ ಪೆಟ್ಟಿಗೆ ಆ ಜಾಗದಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ.

ಹಾಗಾಗಿ, ಮೂರು ಸಾವಿರ ಕೊಟ್ಟದ್ದನ್ನು, ಕೆಲವರು ಹದಿನೈದು ಸಾವಿರ ಕೊಟ್ಟದ್ದನ್ನು, ಒಂದೇ ಬೀಳುವಿಕೆಯ ಮಾರನೆಯ ದಿನ ಪಟ್ಟಿ ಕತ್ತರಿಸಿ ಎಸೆದವರಿಗೆ ವಿಶೇಷ ವಂದನೆ. ಪಟ್ಟಿ ಕತ್ತರಿಸುವುದು ಯಾಕೆಂದರೆ, ಹಾಗೇ ಬಿಟ್ಟರೆ ಚೆನ್ನಾಗಿದೆಯಲ್ಲ ಎಂದು ಇನ್ನೊಬ್ಬರು ಹಾಕಿಕೊಳ್ಳುತ್ತಾರೆ. ಕೈಜಾರಿ ಸಿಮೆಂಟಿನ ಮೇಲೆ ಬಿದ್ದ ಖಾಲಿ ಹೆಲ್ಮೆಟ್ಟನ್ನೂ ನಾವು ಅನುಮಾನದಿಂದಲೇ ನೋಡುತ್ತೇವೆ. ಬೀಳದಿದ್ದರೂ ಐದು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ ತಯಾರಕರು. ನಮ್ಮ ಹವೆಯಲ್ಲಿ ಅದನ್ನು ನಾಲ್ಕು ಎಂದುಕೊಂಡರೂ ತಪ್ಪಲ್ಲ, ಇದು ನಮ್ಮ ಅಭಿಪ್ರಾಯ ಮಾತ್ರ.

ಹವೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಚಪ್ಪಲಿಗೆ, ಜೀನಿಗೆ, ಗೋಡೆಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಹೆಲ್ಮೆಟ್ ಒಂದೇ ಬಚಾವಾಗುತ್ತದೆಯೇ? ಒಣಗಿಸುವ ಹೊಣೆ ಹೊತ್ತ ಅಜ್ಜಿಯರು ಮೊದಲು ಅದನ್ನು ಬಚ್ಚಲ ಒಲೆಯ ಮೇಲೆ, ಬಟ್ಟೆಯ ಸಾಲಿನಲ್ಲೇ ತೂಗುಹಾಕುತ್ತಿದ್ದರು. ಬಿಸಿಗೆ ಬಿಳಿ ಪದರ ಕುಗ್ಗುತ್ತದೆ, ಚಿಪ್ಪಿಗೆ ಅಂಟಿಸಿದ ಅಂಟು ಬಿಡುತ್ತದೆ, ಹೊರಗೆ ಏನೂ ಕಾಣದು. ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡೂ ಅಷ್ಟೇ ಅಪಾಯ. ಈಗ ಅದೇ ಅಜ್ಜಿಯರು ಒಳಬಟ್ಟೆ ಕಳಚಿ, ತಣ್ಣೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ ಹಿಂಡದೆ ತೊಳೆದು, ಹೆಲ್ಮೆಟ್ಟಿನೊಳಗೆ ಹಳೆಯ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಮಗುಚಿಟ್ಟು, ಪೇಪರನ್ನು ರಾತ್ರಿ ಒಮ್ಮೆ ಬದಲಿಸುತ್ತಾರೆ. ಕರೆಂಟು ಇಲ್ಲದ ವಾರಗಳಲ್ಲಿ ಪೇಪರನ್ನು ಎರಡು ಸಲ. ಬೂಷ್ಟು ಒರೆಸಲು ಒದ್ದೆ ಬಟ್ಟೆ ಸಾಕು. ಪೆಟ್ರೋಲು, ಥಿನ್ನರ್ ತಾಗಿಸಬಾರದು. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಸ್ಪ್ರೇಯೂ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಹೆಲ್ಮೆಟ್ ಹಾಕುವ ಮೊದಲೇ ಕೈಕಾಲಿಗೆ ಹಚ್ಚಿ ಕೈ ತೊಳೆಯಬೇಕು. ಜಿಗಣೆಗೆ ಸುಣ್ಣ ಉಪ್ಪು ನಮ್ಮಲ್ಲಿ ಮೊದಲಿಂದ ಇದ್ದದ್ದೇ.

ತೋಟದ ದಾರಿ ಬಿಟ್ಟುಕೊಟ್ಟವರಿಗೆ ಏನು ಹೇಳೋಣ? ಏಪ್ರಿಲ್ ಮೇ ತಿಂಗಳ ಮರಗಸಿಯಲ್ಲಿ ಕಾಫಿಗೆ ಬೇಕಾದಷ್ಟು ನೆರಳು ತೆಗೆದು ಸುಮ್ಮನಾಗಬಹುದಿತ್ತು. ದಾರಿಯ ಮೇಲೆ ಬಾಗಿದ ಕೊಂಬೆಗಳನ್ನು ಮೂರು ಮೀಟರ್ ಎತ್ತರದವರೆಗೆ ಸವರಿಸಿದರು, ಹಲಸಿನ ಮರದ ಹತ್ತಿರ ದಾರಿಯನ್ನೇ ಸ್ವಲ್ಪ ತಿರುಗಿಸಿದರು. ಕೊಂಬೆ ತಾಗಿದಾಗ ಹೆಲ್ಮೆಟ್ಟಿನ ಮುಂದಿನ ಚುಂಚು ಬಾಗಬೇಕು ಅಥವಾ ಕಳಚಿ ಬೀಳಬೇಕು. ಗಟ್ಟಿ ಚುಂಚಾದರೆ ತಲೆಯನ್ನೇ ಹಿಂದಕ್ಕೆ ಎಳೆದು ಕತ್ತು ಮುರಿಯುವ ಸನ್ನೆಗೋಲಾಗುತ್ತದೆ. ಆನೆ ಬಂದು ಹೋದ ವಾಸನೆಗೆ ಕುದುರೆ ಮುಂಗಾಲು ಊರಿ ನಿಂತುಬಿಡುವ ಜಾಗಗಳ ಸುದ್ದಿಯನ್ನು ಬೆಳಿಗ್ಗೆಯೇ ಫೋನಿನಲ್ಲಿ ತಿಳಿಸುವ ತೋಟದ ಕೆಲಸದವರನ್ನೂ ಇಲ್ಲೇ ನೆನೆಯಬೇಕು.

ಲಾಯದ ಹುಡುಗರು ಮೊದಮೊದಲು ನಕ್ಕರು. ಸವಾರಿಗೆ ಸರಿ, ಹುಲ್ಲು ಹಾಕಲೂ ಹೆಲ್ಮೆಟ್ಟೇ ಎಂದು. ಗೊರಸು ಎತ್ತಿ ಕೆರೆಯುವಾಗ ತಲೆ ಇರುವುದು ಹಿಂಗಾಲಿನ ಎತ್ತರದಲ್ಲೇ. ಹಗ್ಗದಲ್ಲಿ ಸುತ್ತು ಓಡಿಸುವಾಗ, ಗಾಡಿಗೆ ಹತ್ತಿಸುವಾಗ, ಹೊಸ ಕುದುರೆಯ ಮೈ ಉಜ್ಜುವಾಗ ಒದೆತ ಬರುವುದು ಮುನ್ಸೂಚನೆ ಇಲ್ಲದೆ. ಈಗ ಕ್ರಮ ಹೀಗಿದೆ: ಲಾಯದ ಬಾಗಿಲು ತೆರೆಯುವ ಮೊದಲು ಪಟ್ಟಿಯ ಕ್ಲಿಪ್ಪು ಟಕ್ ಎನ್ನಬೇಕು, ಕುದುರೆಯನ್ನು ಕಟ್ಟಿ ಹೊರಬಂದ ಮೇಲೆಯೇ ಬಿಚ್ಚಬೇಕು. ಹುಡುಗರೇ ನಡೆಸುತ್ತಾರೆ ಇದನ್ನು. ಈ ಸಲದ ಆಯುಧ ಪೂಜೆಯ ಹಬ್ಬ ಕೈಲ್‌ಪೋದ್‌ಗೆ ಕೋವಿಯ ಪಕ್ಕದಲ್ಲಿ ಹೆಲ್ಮೆಟ್ ಸಾಲಿಟ್ಟು, ಕೋವಿಗೆ ಸಿಕ್ಕಿಸುವ ತೋಕ್‌ಪೂ ಹೂವನ್ನು ಅದಕ್ಕೂ ಒಂದೊಂದು ಸಿಕ್ಕಿಸಿದ್ದರು.

ಭಾನುವಾರಗಳನ್ನು ಬಿಟ್ಟುಕೊಟ್ಟು ಪ್ರಥಮ ಚಿಕಿತ್ಸೆ ಕಲಿಸಿದ ವೈದ್ಯರ ಪಾಠ ಗೋಡೆಯ ಮೇಲಿದೆ. ಬಿದ್ದವರನ್ನು ಎಬ್ಬಿಸಿ ನಿಲ್ಲಿಸಬೇಡಿ. ಕತ್ತು ನೋವು, ಕೈಕಾಲು ಜೋಮು ಎಂದರೆ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯುವ ಗೋಜಿಗೆ ಹೋಗಬೇಡಿ. ವಾಂತಿ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಹೆಚ್ಚುತ್ತಿರುವ ತಲೆನೋವು, ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರು ರಕ್ತ ಬರುವುದು, ಇವು ಕಂಡರೆ ಕಾಯಬಾರದು. ಚೆನ್ನಾಗಿದ್ದೇನೆ ಎಂದರೂ ತಲೆಗೆ ತಾಗಿದವರು ಆ ದಿನ ಮತ್ತೆ ಹತ್ತುವಂತಿಲ್ಲ. ಇದರಲ್ಲಿ ಜಗಳ ಆಗಿದೆ, ಆಗಲಿ.

ಹಿರಿಯರ ಮಾತೂ ಉಂಟು: ನಾವು ಬರಿ ತಲೆಯಲ್ಲಿ ಓಡಿಸಿದವರು, ಚೆನ್ನಾಗಿ ಕೂರಲು ಬಂದರೆ ಬೀಳುವುದಿಲ್ಲ. ಅವರಿಗೆ ಎದುರಾಡದೆ ಒಂದು ಸುದ್ದಿಯನ್ನು ಓದಿ ಹೇಳಿದೆವು. 2008ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಸವಾರಿ ಮಾಡಿದ್ದ ಕರ್ಟ್ನಿ ಕಿಂಗ್-ಡೈ 2010ರ ಮಾರ್ಚ್‌ನಲ್ಲಿ ಅಭ್ಯಾಸದ ವೇಳೆ ಬಿದ್ದರು. ಕುದುರೆ ತುಂಟತನ ಮಾಡಲಿಲ್ಲ, ತನ್ನ ಕಾಲಿಗೆ ತಾನೇ ಎಡವಿತು. ಹೆಲ್ಮೆಟ್ ಇರಲಿಲ್ಲ. ಸುಮಾರು ಒಂದು ತಿಂಗಳು ಕೋಮಾ. 2012ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಷಾರ್ಲೆಟ್ ಡುಜಾರ್ಡಿನ್ ವಾಡಿಕೆಯ ಟಾಪ್ ಹ್ಯಾಟ್ ಬಿಟ್ಟು ಹೆಲ್ಮೆಟ್ ಹಾಕಿಕೊಂಡೇ ಡ್ರೆಸಾಜ್, ಅಂದರೆ ಕುದುರೆಯ ಶಿಸ್ತಿನ ನಡಿಗೆಯ ಸ್ಪರ್ಧೆಯಲ್ಲಿ, ಚಿನ್ನ ಗೆದ್ದರು. 2021ರಿಂದ ಅಂತರರಾಷ್ಟ್ರೀಯ ಡ್ರೆಸಾಜ್ ಸ್ಪರ್ಧೆಗಳಲ್ಲಿ ಅದು ಕಡ್ಡಾಯ. ಇಷ್ಟು ಕೇಳಿ ಮರುವಾರ 58 ಸೆಂಟಿಮೀಟರಿನದೊಂದು ತರಿಸಿಕೊಡಿ ಎಂದ ಹಿರಿಯರಿಗೆ ನಮಸ್ಕಾರ. ಫೋಟೋಕ್ಕೆ ಒಂದೇ ನಿಮಿಷ ತೆಗೆಯುತ್ತೇನೆ ಎಂದು ಅವರು ಒಮ್ಮೆಯೂ ಕೇಳಿಲ್ಲ. ಕೇಳುವವರು ಪ್ರವಾಸಿ ನೆಂಟರು, ಅವರಿಗೆ ಕುದುರೆಯ ಪಕ್ಕ ಬೇಲಿಯಾಚೆ ನಿಂತು ಫೋಟೋ ತೆಗೆಸಿಕೊಳ್ಳುವ ಏರ್ಪಾಡು ಮಾಡಿದ್ದೇವೆ.

ಇನ್ನೊಂದು ವಿಷಯ ಬಾಕಿ. ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ನಾಲ್ಕು ಹೆಲ್ಮೆಟ್ಟುಗಳ ಗಡುವು ಮುಗಿಯುತ್ತದೆ: 53, 54, 54, 57. ರಜೆಗೆ ಊರಿಗೆ ಬರುವವರು ಈ ಸೈಜುಗಳನ್ನು ತಂದರೆ ಹಣ ಇಲ್ಲಿ ಸಿದ್ಧವಿದೆ. ದಯವಿಟ್ಟು ವಿಮಾನದ ಸರಕಿನ ಪೆಟ್ಟಿಗೆಗೆ ಹಾಕಬೇಡಿ, ಎಸೆದಾಡುತ್ತಾರೆ. ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಹಳೆಯ ನಾಲ್ಕನ್ನು ಕೊಯ್ಯಲು ಬಡಗಿ ಈಗಲೇ ಹ್ಯಾಕ್ಸಾ ಬ್ಲೇಡು ತಂದಿಟ್ಟಿದ್ದಾರೆ.